ಬದು ದಾಟುವ ಹುಳು

ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು, ಚಿಂತಾಮಣಿ ಕಡೆಗೆ ವರ್ಷದ ಯಾವ ತಿಂಗಳಲ್ಲಿ ಹೋದರೂ ಒಂದು ನೋಟ ಕಣ್ಣಿಗೆ ಬೀಳುತ್ತದೆ. ಒಂದು ಹೊಲದಲ್ಲಿ ಮಲ್ಚಿಂಗ್ ಶೀಟಿನ ತೂತುಗಳಿಂದ ಮೊನ್ನೆ ನಾಟಿಯಾದ ಟೊಮೆಟೊ ಸಸಿ ತಲೆಯೆತ್ತಿರುತ್ತದೆ. ಅದರ ಪಕ್ಕದ ಹೊಲದಲ್ಲಿ ನೀಲಗಿರಿ ಕಡ್ಡಿಗಳು ಓರೆಯಾಗಿ, ಕಟ್ಟಿದ ದಾರ ಜೋತುಬಿದ್ದು, ಎಲೆಯೆಲ್ಲ ಬೆಂಕಿ ತಾಗಿದಂತೆ ಒಣಗಿ, ಬಿಡಿಸದೆ ಉಳಿದ ಹಣ್ಣು ಗಿಡದಲ್ಲೇ ಕೊಳೆಯುತ್ತಿರುತ್ತದೆ. ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿಗೆ ಸಿಗುವ ದುಡ್ಡು ಬಿಡಿಸುವವರ ಕೂಲಿಗೂ ಗಾಡಿ ಬಾಡಿಗೆಗೂ ಸಾಲದೆ ಹೋದಾಗ ರೈತ ಆ ಹೊಲಕ್ಕೆ ಕಾಲಿಡುವುದನ್ನೇ ಬಿಡುತ್ತಾನೆ. ನೀರು ನಿಲ್ಲುತ್ತದೆ, ಔಷಧಿ ಹೊಡೆಯುವುದೂ ನಿಲ್ಲುತ್ತದೆ. ಹುಳುಗಳಿಗೆ ಅದೇ ಸುಗ್ಗಿ. ಎರಡು ಹೊಲಗಳ ನಡುವಿನ ಬದು ಒಂದೂವರೆ ಅಡಿ. ಬಿಳಿನೊಣಕ್ಕೆ ಅಷ್ಟು ದೂರ ಯಾವ ಲೆಕ್ಕ?

ಟೊಮೆಟೊ ಕೀಟಗಳ ವಿಚಾರ ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಕೇಳಿಬರುವುದು 'ಯಾವ ಔಷಧಿ ಹೊಡೀಬೇಕು?' ಎಂಬ ಮಾತು. ಅದಕ್ಕೆ ಉತ್ತರಗಳು ಬೇಕಾದಷ್ಟಿವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿವೆ, ಕೃಷಿ ವಿಶ್ವವಿದ್ಯಾಲಯಗಳಲ್ಲಿವೆ, ಊರಿನ ಔಷಧಿ ಅಂಗಡಿಯಲ್ಲೂ ಇವೆ. ಆದರೂ ಕಾಟ ತಗ್ಗಿಲ್ಲ. ಔಷಧಿಯನ್ನು ನಾವು ಒಬ್ಬೊಬ್ಬರೇ ನಮ್ಮ ನಮ್ಮ ಹೊಲದೊಳಗೆ ಹೊಡೆಯುತ್ತೇವೆ, ಹುಳು ಮಾತ್ರ ಇಡೀ ಊರಿನ ಟೊಮೆಟೊವನ್ನು ಒಂದೇ ತೋಟವಾಗಿ ಮೇಯುತ್ತದೆ. ಒಂದೊಂದು ಕೀಟದ ಕಥೆಯನ್ನು ಹಿಡಿದು ಹೊರಟರೂ ನಾನು ಕೊನೆಗೆ ಬಂದು ನಿಲ್ಲುವುದು ಈ ಮಾತಿನ ಹತ್ತಿರವೇ.

ಕಾಯಿಕೊರಕದಿಂದ ಶುರುಮಾಡೋಣ. ಹೆಲಿಕೋವರ್ಪಾ ಆರ್ಮಿಜೆರಾ ಎಂಬ ಈ ಹುಳು ಟೊಮೆಟೊದ ಪಾಲಿಗೆ ಹಳೆಯ ನೆಂಟ. ಕಲಬುರಗಿಯ ತೊಗರಿ, ಗದಗ-ಧಾರವಾಡದ ಕಡಲೆ, ರಾಯಚೂರಿನ ಹತ್ತಿ, ಎಲ್ಲವೂ ಇದಕ್ಕೆ ಊಟ. ಹೆಣ್ಣು ಪತಂಗ ಗಿಡದ ಮೇಲ್ಭಾಗದ ಎಲೆಗಳ ಮೇಲೆ, ಹೂವಿನ ಆಸುಪಾಸಿನಲ್ಲಿ ಒಂದೊಂದಾಗಿ ಮೊಟ್ಟೆ ಇಡುತ್ತದೆ. ಮರಿಹುಳು ಮೊದಲೆರಡು ಹಂತದಲ್ಲಿ ಎಲೆಯನ್ನು ಕೆರೆದು ತಿಂದು, ಬಲಿತ ಮೇಲೆ ಕಾಯಿಗೆ ಬಾಯಿಡುತ್ತದೆ. ತಲೆ ಕಾಯಿಯೊಳಗೆ, ಉಳಿದ ಮೈ ಹೊರಗೆ. ಒಂದು ಕಾಯನ್ನು ಪೂರ್ತಿ ತಿಂದು ಮುಗಿಸುವ ಸ್ವಭಾವವೂ ಅದಕ್ಕಿಲ್ಲ. ಇದನ್ನು ಕೊರೆದು ಬಿಟ್ಟು ಇನ್ನೊಂದಕ್ಕೆ ಹೋಗುವುದರಿಂದ ಒಂದೇ ಹುಳು ಹಲವು ಕಾಯಿಗಳನ್ನು ಕೆಡಿಸುತ್ತದೆ. ಆಮೇಲೆ ಗಿಡದಿಂದ ಇಳಿದು ಮಣ್ಣೊಳಗೆ ಕೋಶವಾಗುತ್ತದೆ.

ಇದಕ್ಕೆ ಹೆಸರಘಟ್ಟದ ವಿಜ್ಞಾನಿಗಳು 1990ರ ದಶಕದಲ್ಲಿ ಕಂಡುಕೊಂಡ ಉಪಾಯ ನನಗೆ ಇಂದಿಗೂ ನಮ್ಮ ಕೀಟ ವಿಜ್ಞಾನದ ಅತ್ಯಂತ ಚೆಲುವಾದ ಕೆಲಸಗಳಲ್ಲಿ ಒಂದಾಗಿ ಕಾಣುತ್ತದೆ. ಪ್ರತಿ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂ. ಇದರ ಗುಟ್ಟೆಲ್ಲ ಇರುವುದು ಸಸಿಗಳ ವಯಸ್ಸಿನಲ್ಲಿ. ಚೆಂಡು ಹೂವಿನ ಸಸಿ 45 ದಿನದ್ದಿರಬೇಕು, ಟೊಮೆಟೊ ಸಸಿ 25 ದಿನದ್ದು. ಎರಡನ್ನೂ ಒಂದೇ ದಿನ ನೆಟ್ಟರೆ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ. ಹೆಣ್ಣು ಪತಂಗಕ್ಕೆ ಟೊಮೆಟೊ ಹೂವಿಗಿಂತ ಚೆಂಡು ಹೂವೇ ಹೆಚ್ಚು ಇಷ್ಟ. ಮೊಟ್ಟೆಯ ಬಹುಪಾಲು ಅಲ್ಲಿಗೆ ಬೀಳುತ್ತದೆ. ಹುಳುಗಳು ಒಂದೆಡೆ ಸೇರಿದ ಮೇಲೆ ಅವನ್ನು ಆ ಸಾಲುಗಳಲ್ಲೇ ಹಿಡಿಯುವುದು ಸುಲಭ. ಹೂವನ್ನು ಮಾರಿದರೆ ನಾಲ್ಕು ಕಾಸು ಬರುತ್ತದೆ, ಬೇರಿನ ಗಂಟು ಮಾಡುವ ಜಂತುಹುಳುವೂ ಕೊಂಚ ತಗ್ಗುತ್ತದೆ. ದಸರಾ, ದೀಪಾವಳಿಗೆ ಬೆಂಗಳೂರಿಗೆ ರಾಶಿ ರಾಶಿ ಚೆಂಡು ಹೂ ಕಳಿಸುವ ಸೀಮೆಗೆ ಇದಕ್ಕಿಂತ ಹೊಂದುವ ಉಪಾಯ ಬೇರೆ ಯಾವುದು?

ಆದರೂ ಹೊಲಗಳಲ್ಲಿ ಈ ಸಾಲು ಕಾಣುವುದು ಕಡಿಮೆ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಟೊಮೆಟೊ ಸಸಿ ನರ್ಸರಿಯಲ್ಲಿ ಬೇಕೆಂದಾಗ ಸಿಗುತ್ತದೆ. ಚೆಂಡು ಹೂವಿನ 45 ದಿನದ ಸಸಿ ಬೇಕೆಂದರೆ ಟೊಮೆಟೊ ಬೀಜ ಹಾಕುವುದಕ್ಕಿಂತ ಇಪ್ಪತ್ತು ದಿನ ಮೊದಲೇ ಅದರ ಬೀಜ ಹಾಕಿಸಿರಬೇಕು. ನಾಟಿಯ ದಿನವನ್ನು ಮಳೆ, ಕರೆಂಟು, ಸಾಲ ಸಿಗುವ ದಿನ ತೀರ್ಮಾನಿಸುವ ಕಡೆ ಅಷ್ಟು ಮುಂದಾಲೋಚನೆಯನ್ನು ಒಬ್ಬ ರೈತನ ತಲೆಗೆ ಕಟ್ಟುವುದು ನ್ಯಾಯವಲ್ಲ. ನರ್ಸರಿಗಳೇ ಎರಡು ಸಸಿಗಳನ್ನು ಜೋಡಿ ಮಾಡಿ ಮಾರುವ ರೂಢಿ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಕಾಯಿಕೊರಕಕ್ಕೆ ಇನ್ನೊಂದು ಮದ್ದು ಅದರದೇ ರೋಗ. ಎನ್.ಪಿ.ವಿ. ಎಂಬ ನಂಜಾಣು ಈ ಹುಳುವನ್ನು ಬಿಟ್ಟು ಬೇರೆ ಯಾವುದಕ್ಕೂ ತೊಂದರೆ ಮಾಡದು. ಜೇನಿಗಿಲ್ಲ, ದನಕ್ಕಿಲ್ಲ, ಸಿಂಪಡಿಸುವವನಿಗಿಲ್ಲ. ಎಲೆಯ ಜೊತೆ ಅದನ್ನು ತಿಂದ ಹುಳು ಕೆಲವು ದಿನಗಳಲ್ಲಿ ಗಿಡದ ತುದಿಗೆ ಹತ್ತಿ ತಲೆಕೆಳಗಾಗಿ ನೇತುಬಿದ್ದು ಸಾಯುತ್ತದೆ. ಮೈಯೊಳಗಿನದೆಲ್ಲ ನೀರಾಗಿ ಸೋರಿ ಕೆಳಗಿನ ಎಲೆಗಳಿಗೂ ನಂಜು ಹರಡುತ್ತದೆ. ಹೆಕ್ಟೇರಿಗೆ 250 ಎಲ್.ಇ. (ನಂಜು ತಗುಲಿದ ಹುಳುಗಳ ಲೆಕ್ಕ) ಪ್ರಮಾಣದಲ್ಲಿ, ಬಿಸಿಲಿಗೆ ನಂಜಾಣು ಸಾಯುವುದರಿಂದ ಸಂಜೆ ಹೊತ್ತು, ಸ್ವಲ್ಪ ಬೆಲ್ಲ ಬೆರೆಸಿ ಹೊಡೆಯಬೇಕು. ಹುಳು ಎಳೆಯದಿದ್ದಾಗ ಮಾತ್ರ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬಲಿತ ಹುಳು ಸಾಯುವ ಹೊತ್ತಿಗೆ ಕಾಯಿ ಕೆಟ್ಟಿರುತ್ತದೆ. ಎಳೆಯ ಹುಳು ಕಣ್ಣಿಗೆ ಬೀಳಬೇಕಾದರೆ ವಾರಕ್ಕೆ ಎರಡು ಸಲ ಸಾಲುಗಳ ನಡುವೆ ನಡೆದು ಎಲೆ ತಿರುವಿ ನೋಡಬೇಕು. ಎಕರೆಗೆ ನಾಲ್ಕೈದು ಮೋಹಕ ಬಲೆ ಕಟ್ಟಿದರೆ ಪತಂಗ ಬಂದ ಸುದ್ದಿ ಮೊಟ್ಟೆಗಿಂತ ಮೊದಲೇ ತಿಳಿಯುತ್ತದೆ. ಟೊಮೆಟೊ ಕೀಟ ನಿರ್ವಹಣೆಯ ಮುಕ್ಕಾಲು ಪಾಲು ನೋಡುವ ಕೆಲಸ. ಅದಕ್ಕೆ ಕೂಲಿ ಕೊಡುವವರಿಲ್ಲದ್ದರಿಂದ ನಾವು ಅದನ್ನು ಕೆಲಸವೆಂದೇ ಎಣಿಸಿಲ್ಲ.

ತಿನ್ನುವ ಹುಳುವಿನ ಕಥೆ ಇದಾದರೆ ನಂಜು ಹೊತ್ತು ತರುವ ಕೀಟದ ಕಥೆಯೇ ಬೇರೆ. ಬಿಳಿನೊಣ ಹೀರುವ ರಸದಿಂದ ಟೊಮೆಟೊ ಸಾಯುವುದಿಲ್ಲ. ಅದು ತರುವ ಎಲೆ ಮುದುಡು ರೋಗದಿಂದ ಗಿಡ ಕುಳ್ಳಾಗಿ, ಎಲೆ ಬಟ್ಟಲಿನಂತೆ ಸುರುಟಿ, ಹೂ ಉದುರಿ, ಕಾಯಿಯೇ ಕಟ್ಟದೆ ಹೋಗುತ್ತದೆ. ರೋಗದ ಗಿಡದಿಂದ ನಂಜಾಣುವನ್ನು ಎತ್ತಿಕೊಳ್ಳಲು ಬಿಳಿನೊಣಕ್ಕೆ ಒಂದು ಗಂಟೆಯೂ ಬೇಡ. ಒಮ್ಮೆ ಎತ್ತಿಕೊಂಡರೆ ಬದುಕಿರುವಷ್ಟು ದಿನವೂ ಹಂಚಬಲ್ಲದು. 1999ರಲ್ಲಿ ಕೋಲಾರ ಜಿಲ್ಲೆಯಲ್ಲಿ ಈ ರೋಗ ಹಿಂದೆಂದೂ ಇಲ್ಲದಷ್ಟು ಜೋರಾಗಿ ಎದ್ದಾಗ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಇಂಗ್ಲೆಂಡಿನ ಅವರ ಜೊತೆಗಾರರೂ ಕಾರಣ ಹುಡುಕುತ್ತಾ ಹೋದರು. ಜಗತ್ತಿನ ಹಲವೆಡೆ ತರಕಾರಿ ಬೆಳೆಯನ್ನು ಕಾಡಿದ್ದ 'ಬಿ' ಬಗೆಯ ಬಿಳಿನೊಣ ಅಲ್ಲಿ ಕಂಡಿತು. ಭಾರತದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ನೋಡಲು ಊರಿನ ಬಿಳಿನೊಣದಂತೆಯೇ ಇದ್ದ ಅದು ಟೊಮೆಟೊ ಮೇಲೆ ಅದಕ್ಕಿಂತ ವೇಗವಾಗಿ ಸಂತಾನ ಬೆಳೆಸಬಲ್ಲದಾಗಿತ್ತು.

ಇಲ್ಲಿ ಔಷಧಿಯ ಮಿತಿ ಬೇಗ ಗೊತ್ತಾಗುತ್ತದೆ. ಪಕ್ಕದ ಹೊಲದಿಂದ ಹಾರಿಬಂದ ಬಿಳಿನೊಣ ನಿಮ್ಮ ಗಿಡದ ರಸ ಹೀರಿ, ಔಷಧಿ ತಗುಲಿ ಸಾಯುವುದರೊಳಗೆ ನಂಜು ದಾಟಿಸಿ ಆಗಿರುತ್ತದೆ. ಸತ್ತ ನೊಣಗಳನ್ನು ಎಣಿಸಿದರೆ ಔಷಧಿ ಗೆದ್ದಂತೆ ಕಾಣುತ್ತದೆ. ಇಪ್ಪತ್ತು ದಿನ ಕಳೆದ ಮೇಲೆ ಎಲೆ ಮುದುಡಿದಾಗಲೇ ಸೋತದ್ದು ತಿಳಿಯುವುದು. ಹಾಗಾಗಿ ನಿಜವಾದ ಕಾವಲು ಸಸಿಮಡಿಯಿಂದಲೇ ಶುರುವಾಗಬೇಕು. ಸಸಿಗಳನ್ನು 40 ರಿಂದ 50 ಮೆಶ್‌ನ ನೈಲಾನ್ ಪರದೆಯೊಳಗೆ ಬೆಳೆಸುವುದು, ನಾಟಿಗೆ ಮುಂಚೆಯೇ ಹೊಲದ ಸುತ್ತ ಮುಸುಕಿನ ಜೋಳವನ್ನು ಎರಡು ಮೂರು ಸಾಲು ದಟ್ಟವಾಗಿ ಎಬ್ಬಿಸುವುದು, ಬದುವಿನ ಪಾರ್ಥೇನಿಯಂ ಕೀಳುವುದು, ಮುದುಡಿದ ಮೊದಲ ಗಿಡಗಳನ್ನು ಕನಿಕರ ತೋರದೆ ಕಿತ್ತು ಹೂಳುವುದು. ಮೊದಲ 40-45 ದಿನ ಗಿಡವನ್ನು ನಂಜಿನಿಂದ ಕಾಪಾಡಿದರೆ ಆಮೇಲೆ ತಗುಲಿದರೂ ಬೆಳೆ ಕೈಗೆ ಬರುತ್ತದೆ.

ಇದಕ್ಕಿಂತ ಗಟ್ಟಿಯಾದ ಬೇಲಿ ತಳಿಯದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಕೊಟ್ಟ ಸಂಕ್ರಾಂತಿ, ನಂದಿ, ವೈಭವ್ ತಳಿಗಳು, ಆಮೇಲೆ ಹೆಸರಘಟ್ಟದಿಂದ ಬಂದ ಅರ್ಕಾ ರಕ್ಷಕ್, ಅರ್ಕಾ ಸಾಮ್ರಾಟ್, ಅರ್ಕಾ ಅಭೇದ್ ಹೈಬ್ರಿಡ್‌ಗಳು ಎಲೆ ಮುದುಡು ರೋಗವನ್ನು ತಡೆಯಬಲ್ಲವು. ಅರ್ಕಾ ರಕ್ಷಕ್ ಅದರ ಜೊತೆಗೆ ಸೊರಗು ರೋಗ, ಅಂಗಮಾರಿ ರೋಗಗಳನ್ನೂ ತಾಳಿಕೊಳ್ಳುತ್ತದೆ. ಒಂದು ಬೀಜದೊಳಗೆ ಇಷ್ಟನ್ನು ಕೂಡಿಸಿಟ್ಟವರಿಗೆ ಈ ಸೀಮೆಯ ರೈತರು ಋಣಿಗಳು. ಹಾಗೆಂದು ನಂಜಾಣುವೂ ಸುಮ್ಮನೆ ಕೂರುವುದಿಲ್ಲ, ರೂಪ ಬದಲಿಸುತ್ತದೆ. ತಡೆಯುವ ತಳಿ ನೆಟ್ಟೆವೆಂದು ಪರದೆಯನ್ನೂ ಜೋಳದ ಸಾಲನ್ನೂ ಕೈಬಿಟ್ಟರೆ ಆ ತಳಿಯ ಆಯಸ್ಸನ್ನು ನಾವೇ ಕಡಿಮೆ ಮಾಡಿದಂತೆ.

ಥ್ರಿಪ್ಸ್ ನುಸಿಯದೂ ಬಿಳಿನೊಣದಂತೆ ನಂಜು ಹೊರುವ ಕೆಲಸ. ಮೊಗ್ಗು ಕೊಳೆಸುವ, ಹಣ್ಣಿನ ಮೇಲೆ ಉಂಗುರದ ಕಲೆ ಬರಿಸುವ ನಂಜಾಣುವನ್ನು ಅದು ಮರಿಯಾಗಿದ್ದಾಗ ಮಾತ್ರ ಎತ್ತಿಕೊಂಡು, ರೆಕ್ಕೆ ಬಂದ ಮೇಲೆ ಊರೆಲ್ಲ ಹರಡುತ್ತದೆ. ಬೇಸಿಗೆಯಲ್ಲಿ ಎಲೆಯಡಿ ಬಲೆ ನೇಯುವ ಕೆಂಪು ನುಸಿ ಕೀಟವೇ ಅಲ್ಲ. ಅದು ಎಂಟು ಕಾಲಿನ, ಜೇಡನ ಕುಲದ ಜೀವಿ. ಕೀಟನಾಶಕ ಹೊಡೆದಷ್ಟೂ ಅದನ್ನು ತಿನ್ನುವ ಜೀವಿಗಳು ಸತ್ತು ನುಸಿ ಹೆಚ್ಚುತ್ತದೆ. ರಂಗೋಲಿ ಹುಳುವಿನ ಪಾಠವೂ ಅದೇ. ಎಲೆಯ ಮೇಲೆ ಬಿಳಿ ಗೆರೆ ಎಳೆಯುವ ಈ ಪುಟ್ಟ ನೊಣದ ಮರಿ 1990ರ ಸುಮಾರಿಗೆ ಭಾರತಕ್ಕೆ ಬಂದ ಹೊಸತರಲ್ಲಿ ಎಲ್ಲರನ್ನೂ ಕಂಗಾಲು ಮಾಡಿತ್ತು. ಅದರೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳು ನಮ್ಮ ಹೊಲದಲ್ಲೇ ಇವೆ. ಅವನ್ನು ಬದುಕಲು ಬಿಟ್ಟ ಕಡೆ ರಂಗೋಲಿ ಹುಳು ದೊಡ್ಡ ತಲೆನೋವಲ್ಲ.

ಈಗ ಎಲ್ಲರ ನಿದ್ದೆ ಕೆಡಿಸಿರುವುದು ಟೂಟಾ ಅಬ್ಸೊಲ್ಯೂಟಾ. ಟೊಮೆಟೊದ ತವರು ದಕ್ಷಿಣ ಅಮೆರಿಕದ ಆಂಡೀಸ್ ಸೀಮೆ, ಈ ಪತಂಗದ ತವರೂ ಅದೇ ಖಂಡ. ಪೆರುವಿನ ಮಾದರಿ ನೋಡಿ ವಿಜ್ಞಾನಿಗಳು ಇದಕ್ಕೆ ಹೆಸರಿಟ್ಟದ್ದು 1917ರಲ್ಲಿ. ಟೊಮೆಟೊ ಮಾತ್ರ ನೂರಾರು ವರ್ಷ ಮೊದಲೇ ಹಡಗು ಹತ್ತಿ ಜಗತ್ತು ಸುತ್ತಿತು, ಹುಳು ಅಲ್ಲೇ ಉಳಿದಿತ್ತು. 2006ರಲ್ಲಿ ಅದು ಸ್ಪೇನಿನಲ್ಲಿ ಕಾಣಿಸಿತು. ಅಲ್ಲಿಂದ ಮೆಡಿಟರೇನಿಯನ್ ದೇಶಗಳು, ಆಫ್ರಿಕ, ಪಶ್ಚಿಮ ಏಷ್ಯಾ. 2014ರಲ್ಲಿ ಮಹಾರಾಷ್ಟ್ರದ ಪುಣೆ ಕಡೆ ಪತ್ತೆಯಾಗಿ, ಹೆಚ್ಚು ತಡವಿಲ್ಲದೆ ಕರ್ನಾಟಕದ ಹೊಲಗಳಲ್ಲೂ ಸಿಕ್ಕಿತು. ಎಂಟೇ ವರ್ಷದಲ್ಲಿ ಸ್ಪೇನಿನಿಂದ ಕೋಲಾರದವರೆಗೆ ಬಂದ ಹುಳುವಿಗೆ ಬದುವಿನ ಕಲ್ಲು ತೋರಿಸಿ ಪ್ರಯೋಜನವಿಲ್ಲ.

ಎಲೆಯ ಎರಡು ಪದರಗಳ ನಡುವೆ ಸೇರಿಕೊಂಡು ತಿನ್ನುವುದರಿಂದ ಎಲೆಯಲ್ಲಿ ಅಗಲವಾದ ತೇಪೆ ಏಳುತ್ತದೆ. ಬೆಳಕಿಗೆ ಹಿಡಿದರೆ ಒಳಗೆ ಕಪ್ಪು ಹಿಕ್ಕೆ ಕಾಣುತ್ತದೆ. ರಂಗೋಲಿ ಹುಳುವಿನದು ಗೆರೆ, ಇದರದು ತೇಪೆ, ಇಷ್ಟು ಗುರುತು ಸಾಕು. ಹಣ್ಣಿನಲ್ಲಿ ತೊಟ್ಟಿನ ಮರೆಯಿಂದ ಗುಂಡುಸೂಜಿಯ ಗಾತ್ರದ ತೂತು ಮಾಡಿಕೊಂಡು ಒಳಹೋಗುತ್ತದೆ. ಒಂದು ಹೆಣ್ಣು ಪತಂಗ ಸುಮಾರು 260 ಮೊಟ್ಟೆ ಇಡಬಲ್ಲದು, ಮೊಟ್ಟೆಯಿಂದ ಪತಂಗವಾಗಲು ನಮ್ಮ ಹವೆಯಲ್ಲಿ ತಿಂಗಳು ಸಾಕು. ವರ್ಷವಿಡೀ ಟೊಮೆಟೊ ಸಿಗುವ ಕಡೆ ವರ್ಷಕ್ಕೆ ಹತ್ತು ಹನ್ನೆರಡು ತಲೆಮಾರು.

ಹಣ್ಣು ಕೊರೆಯುವ ಈ ಕಾಟವನ್ನು ಕೋಲಾರದ ಕಡೆ 'ಊಜಿ' ಎನ್ನುವುದುಂಟು. ಹೆಸರು ರೇಷ್ಮೆಯಿಂದ ಬಂದದ್ದು. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಹೊಕ್ಕು ಸಾವಿರಾರು ಮನೆಗಳ ಗೂಡನ್ನು ಕೆಡಿಸಿತ್ತು. ಆ ಕಾಟ ಹತೋಟಿಗೆ ಬಂದ ದಾರಿಯನ್ನು ಟೊಮೆಟೊ ಬೆಳೆಯುವವರು ಮತ್ತೆ ನೆನೆಯಬೇಕು. ರೇಷ್ಮೆ ಹುಳುವಿನ ಮೇಲೆ ಔಷಧಿ ಹೊಡೆಯುವಂತಿರಲಿಲ್ಲ, ಹೊಡೆದರೆ ಸಾಕಿದ ಹುಳುವೇ ಸಾಯುತ್ತದೆ. ಹಾಗಾಗಿ ಹುಳುಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಬಂತು, ನೊಣದ ಕೋಶವನ್ನು ಹೊಕ್ಕು ಕೊಲ್ಲುವ ನೆಸೊಲಿಂಕ್ಸ್ ಎಂಬ ಕಣಜವನ್ನು ಬೆಳೆಸಿ ಬಿಡುವುದು ಬಂತು, ಊರಿಗೆ ಊರೇ ಒಟ್ಟಿಗೆ ಹುಳುಮನೆ ತೊಳೆದು ಶುಚಿ ಮಾಡುವ ರೂಢಿ ಬಂತು. ಅದೇ ಊರಿನ ಟೊಮೆಟೊ ಹೊಲಕ್ಕೆ ಬಂದಾಗ ಇದೆಲ್ಲ ಹೊಸ ವಿದ್ಯೆ ಎಂಬಂತೆ ನಡೆದುಕೊಳ್ಳುತ್ತೇವೆ. ಇನ್ನೊಂದು ನೋವಿನ ಸಂಗತಿಯೂ ಇಲ್ಲಿದೆ. ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ತೇಲಿ ಪಕ್ಕದ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಆ ಸೊಪ್ಪು ತಿಂದ ರೇಷ್ಮೆ ಹುಳುಗಳು ತಟ್ಟೆ ತಟ್ಟೆಯೇ ಸಾಯುತ್ತವೆ. ಬದು ದಾಟುವುದು ಹುಳು ಮಾತ್ರವಲ್ಲ.

ಔಷಧಿಯನ್ನು ಸಾರಾಸಗಟಾಗಿ ಬೈಯುವವರ ಸಾಲಿಗೆ ನಾನು ಸೇರುವುದಿಲ್ಲ. ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದ ಸ್ಪಿನೊಸಾಡ್, ಎಮಾಮೆಕ್ಟಿನ್, ಆಮೇಲೆ ಬಂದ ಕ್ಲೋರಾಂಟ್ರಾನಿಲಿಪ್ರೋಲ್ ಇವು ಹಳೆಯ ವಿಷಗಳಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಲಕ್ಷಾಂತರ ರೂಪಾಯಿ ಸುರಿದು, ಬಡ್ಡಿ ಕಟ್ಟುತ್ತಾ, ಕಾಯಿ ತೂತಾಗುವುದನ್ನು ಕಣ್ಣಾರೆ ನೋಡುತ್ತಿರುವವನಿಗೆ 'ಹೊಡೆಯಬೇಡ' ಎನ್ನುವ ಹಕ್ಕು ಹೊರಗೆ ಕೂತು ಬರೆಯುವ ನನಗಿಲ್ಲ. 2023ರ ಜುಲೈಯಲ್ಲಿ ಕೆ.ಜಿ.ಗೆ 100 ರೂಪಾಯಿ ದಾಟಿದ ಹಣ್ಣು ಅದೇ ಮಂಡಿಯಲ್ಲಿ ಇನ್ನೊಂದು ಸಲ ರಸ್ತೆಗೆ ಸುರಿಯುವ ಬೆಲೆಗೆ ಇಳಿಯುತ್ತದೆ. ಬೆಲೆ ಹೀಗೆ ಜೂಜಾದಾಗ ಸಿಂಪಡಣೆಯೂ ಜೂಜಿನ ಒಂದು ಭಾಗವಾಗುತ್ತದೆ.

ಕಷ್ಟ ಇರುವುದು ಬಳಸುವ ಬಗೆಯಲ್ಲಿ. ಹುಳುವನ್ನು ಗುರುತಿಸುವ ಮೊದಲೇ ಹೊಡೆಯುತ್ತೇವೆ. ಎರಡು ಮೂರು ಔಷಧಿಗಳನ್ನು ಒಂದೇ ಟ್ಯಾಂಕಿಗೆ ಬೆರೆಸುತ್ತೇವೆ. ಒಂದು ಸಲ ಕೆಲಸ ಮಾಡಿದ ಔಷಧಿಯನ್ನೇ ಬೆಳೆಯುದ್ದಕ್ಕೂ ಹೊಡೆಯುತ್ತೇವೆ, ಇಲ್ಲವೇ ಹೆಸರು ಬೇರೆ ಎಂದು ಅದೇ ಗುಂಪಿನ ಇನ್ನೊಂದನ್ನು ತರುತ್ತೇವೆ. ಹೆಸರು ಬದಲಾದರೂ ಅದು ಹುಳುವಿನ ಮೈಯಲ್ಲಿ ತಟ್ಟುವ ಜಾಗ ಒಂದೇ ಆದರೆ ಬದುಕುಳಿಯುವ ಹುಳುಗಳೂ ಅವೇ. ಟೂಟಾ ಹುಳುವಿನ ಮೇಲೆ ಕ್ಲೋರಾಂಟ್ರಾನಿಲಿಪ್ರೋಲ್ ಗುಂಪಿನ ಔಷಧಿ ಸೋತದ್ದು ಇಟಲಿ, ಗ್ರೀಸ್, ಬ್ರೆಜಿಲ್‌ಗಳಲ್ಲಿ ಆಗಲೇ ದಾಖಲಾಗಿದೆ. ಗುಂಪು ಬದಲಿಸುವ ವಿಚಾರವನ್ನು ಅಂಗಡಿಯವರೇ ತಿಳಿಸಿ ಹೇಳುವಂತಾದರೆ ದೊಡ್ಡ ಉಪಕಾರವಾಗುತ್ತದೆ, ಏಕೆಂದರೆ ರೈತನಿಗೆ ದಿನಾ ಸಿಗುವ ಕೀಟ ತಜ್ಞ ಅವರೇ.

ಇದಕ್ಕಿಂತ ಬಿಗಿಯಾದ ಗಂಟು ಕೊಯ್ಲಿನದು. ಟೊಮೆಟೊ ಒಮ್ಮೆ ಹಣ್ಣಾಗಲು ಶುರುವಾದರೆ ಎರಡು ಮೂರು ದಿನಕ್ಕೊಮ್ಮೆ ಬಿಡಿಸಲೇಬೇಕು. ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಕೆಲವಕ್ಕೆ 3 ದಿನ, ಕೆಲವಕ್ಕೆ 5 ದಿನ, ಕೆಲವಕ್ಕೆ ಅದಕ್ಕೂ ಹೆಚ್ಚು. ಕೊಯ್ಲು ಶುರುವಾದ ಮೇಲೆ ಐದು ದಿನದ ಔಷಧಿ ಹೊಡೆದರೆ ಒಂದು ಕೊಯ್ಲು ವಿಷದ ಜೊತೆಗೇ ಮಂಡಿಗೆ ಹೋಗುತ್ತದೆ. ಅದನ್ನು ತಿನ್ನುವವರ ಚಿಂತೆ ಒಂದು ಕಡೆಗಾದರೆ, ಮೊದಲು ಅದನ್ನು ಮುಟ್ಟುವವರು ಬೆಳಗಿನ ಇಬ್ಬನಿಯಲ್ಲಿ ಬರಿಗೈಯಲ್ಲಿ ಹಣ್ಣು ಬಿಡಿಸುವ ಹೆಂಗಸರು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ್‌ನಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ಜನ ಸತ್ತಾಗ ದೇಶ ಒಮ್ಮೆ ತಿರುಗಿ ನೋಡಿತು. ಮಾಸ್ಕ್ ಇಲ್ಲದೆ, ಲುಂಗಿ ಎತ್ತಿಕಟ್ಟಿ, ಗಾಳಿಗೆ ಎದುರಾಗಿ ಪಂಪು ಹೊತ್ತು ನಡೆಯುವವರು ನಮ್ಮ ಹೊಲಗಳಲ್ಲೂ ದಿನನಿತ್ಯ ಕಾಣುತ್ತಾರೆ. ಹಾಗಾಗಿ ಹೂ ಬಿಡುವ ಮುಂಚೆ ಬೇಕಾದರೆ ರಾಸಾಯನಿಕ, ಕಾಯಿ ಹಣ್ಣಾಗತೊಡಗಿದ ಮೇಲೆ ಎನ್.ಪಿ.ವಿ., ಬಿ.ಟಿ. ಪುಡಿ, ಬೇವಿನ ಬೀಜದ ಕಷಾಯ, ಹೆಸರಘಟ್ಟದವರು ರೂಪಿಸಿದ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನು, ಹೀಗೆ ಸರದಿ ಇಟ್ಟುಕೊಳ್ಳುವುದು ನನಗೆ ಅತ್ಯಂತ ವಿವೇಕದ ದಾರಿಯಾಗಿ ಕಾಣುತ್ತದೆ.

ಜೈವಿಕ ಹತೋಟಿಗೆ ಬೆಂಗಳೂರು ದೇಶಕ್ಕೇ ರಾಜಧಾನಿ. ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಇರುವುದು ಇಲ್ಲಿನ ಹೆಬ್ಬಾಳದಲ್ಲಿ. ಟ್ರೈಕೊಗ್ರಾಮ ಎಂಬ ಕಣಜ ಒಂದು ಮಿಲಿಮೀಟರಿಗಿಂತ ಚಿಕ್ಕದು. ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು, ಹುಳು ಹುಟ್ಟುವ ಮುಂಚೆಯೇ ಅದನ್ನು ಮುಗಿಸುತ್ತದೆ. ಕಾರ್ಡಿಗೆ ಅಂಟಿಸಿದ ಸುಮಾರು 20,000 ಮೊಟ್ಟೆಗಳಲ್ಲಿ ಅದನ್ನು ಬೆಳೆಸಿ, ಕಾರ್ಡನ್ನು ತುಂಡು ಮಾಡಿ ಗಿಡಗಳಿಗೆ ಸಿಕ್ಕಿಸುತ್ತಾರೆ. ತೊಡಕುಗಳೂ ಇವೆ. ಟೊಮೆಟೊ ಎಲೆಯ ಅಂಟು ರೋಮ ಈ ಪುಟ್ಟ ಕಣಜದ ಓಡಾಟಕ್ಕೆ ಅಡ್ಡಿ. ಕಾರ್ಡು ಬಸ್ಸಿನಲ್ಲಿ ಬಿಸಿಲಿಗೆ ಸಿಕ್ಕರೆ ದಾರಿಯಲ್ಲೇ ಸತ್ತಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ನೀವು ಬಿಟ್ಟ ಕಣಜ ಪಕ್ಕದವರ ಹೊಲಕ್ಕೆ ಹಾರುತ್ತದೆ, ಪಕ್ಕದವರು ಆ ದಿನ ಔಷಧಿ ಹೊಡೆದಿರುತ್ತಾರೆ.

ಸರ್ಕಾರವೇ ಮುಂದೆ ನಿಂತು ಇಡೀ ಸೀಮೆಯನ್ನು ಒಂದು ಹೊಲದಂತೆ ನೋಡಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಪಪ್ಪಾಯ ಹಿಟ್ಟು ತಿಗಣೆ ಹಿಪ್ಪುನೇರಳೆ, ಪಪ್ಪಾಯಗಳನ್ನು ಬಿಳಿ ಹತ್ತಿಯಂತೆ ಮುತ್ತಿದ್ದಾಗ, 2010ರಲ್ಲಿ ಪೋರ್ಟೊರಿಕೊದಿಂದ ತರಿಸಿದ ಪುಟ್ಟ ಕಣಜಗಳನ್ನು ಹೆಬ್ಬಾಳದ ಸಂಸ್ಥೆ ಬೆಳೆಸಿ ಊರೂರಿಗೆ ಹಂಚಿತು. ರೈತ ಖರ್ಚು ಮಾಡಲಿಲ್ಲ, ಕಣಜವೇ ಹಾರಿ ತನ್ನ ಕೆಲಸ ಮಾಡಿತು. ಟೊಮೆಟೊದಲ್ಲಿ ಇದು ಅಷ್ಟು ಸುಲಭವಲ್ಲ, ಏಕೆಂದರೆ ಇಲ್ಲಿ ಹುಳು ಒಂದಲ್ಲ, ಬೆಳೆಯೂ ವರ್ಷವಿಡೀ ನಿಲ್ಲದು.

ನಿಲ್ಲದ ಆ ಬೆಳೆಯೇ ಎಲ್ಲದರ ಬೇರು. ಕೊಳವೆಬಾವಿ, ಹನಿ ನೀರಾವರಿ ಬಂದ ಮೇಲೆ ಟೊಮೆಟೊಗೆ ಕಾಲವೆಂಬುದೇ ಇಲ್ಲವಾಯಿತು. ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ 1990ರ ದಶಕದ ಆರಂಭದಲ್ಲಿ ಬಿಳಿನೊಣದ ನಂಜು ಟೊಮೆಟೊವನ್ನು ಪೂರ್ತಿ ನೆಲಕಚ್ಚಿಸಿತ್ತು. ಅಲ್ಲಿನ ಸರ್ಕಾರ ವರ್ಷದಲ್ಲಿ ಮೂರು ತಿಂಗಳು ಬಿಳಿನೊಣ ಆಶ್ರಯಿಸುವ ಬೆಳೆಗಳನ್ನೇ ಹಾಕುವಂತಿಲ್ಲ ಎಂದು ಕಾನೂನು ಮಾಡಿತು. ತಿನ್ನಲು ಸಿಗದ ಬಿಳಿನೊಣ ಇಳಿಯಿತು, ನಂಜೂ ಇಳಿಯಿತು, ಟೊಮೆಟೊ ಮತ್ತೆ ಎದ್ದಿತು. ಎರಡು ಎಕರೆಯಲ್ಲಿ ಸಂಸಾರ ಸಾಗಿಸುವ ಕೋಲಾರದ ರೈತನಿಗೆ ಮೂರು ತಿಂಗಳ ಬಿಡುವು ಅಪ್ಪಣೆ ಮಾಡುವುದು ಕ್ರೂರ. ಆದರೆ ಒಂದು ಊರು, ಅದರ ಸುತ್ತಲ ನಾಲ್ಕಾರು ಹಳ್ಳಿ ಸೇರಿ ಟೂಟಾ ಹುಳುವಿನ ಒಂದು ತಲೆಮಾರಿನಷ್ಟು, ಅಂದರೆ ತಿಂಗಳೊಂದರ ಬಿಡುವನ್ನು ಒಟ್ಟಿಗೆ ಇಟ್ಟುಕೊಂಡು, ಆ ತಿಂಗಳು ರಾಗಿಯನ್ನೋ ಮುಸುಕಿನ ಜೋಳವನ್ನೋ ಹಾಕುವುದು ಆಗದ ಮಾತಲ್ಲ.

ಅಷ್ಟಾಗದಿದ್ದರೂ ಒಂದು ಕೆಲಸವನ್ನು ನಾಳೆಯೇ ಶುರುಮಾಡಬಹುದು. ಬೆಲೆ ಬಿದ್ದು ಕೈಬಿಟ್ಟ ಹೊಲವನ್ನು ಹಾಗೇ ಬಿಡದೆ, ಒಂದು ವಾರದೊಳಗೆ ಗಿಡ ಕಿತ್ತು, ಹಣ್ಣು ಸಮೇತ ಗುಂಡಿಗೆ ಹಾಕಿ ಮಣ್ಣು ಮುಚ್ಚಿ, ನೇಗಿಲು ಹೊಡೆದು ಕೋಶಗಳನ್ನು ಬಿಸಿಲಿಗೂ ಕೊಕ್ಕರೆಗಳಿಗೂ ತೆರೆಯುವುದು. ಈ ಕೆಲಸಕ್ಕೆ ಕೂಲಿ ಬೇಕು, ನಷ್ಟದಲ್ಲಿ ಮುಳುಗಿದ ರೈತನ ಕೈಯಲ್ಲಿ ಆ ಹೊತ್ತಿಗೆ ಕಾಸಿರುವುದಿಲ್ಲ. ಅವನ ಗಿಡ ಕೀಳುವ ಖರ್ಚನ್ನು ಪಂಚಾಯಿತಿಯೋ ತೋಟಗಾರಿಕೆ ಇಲಾಖೆಯೋ ಬೆಳೆಗಾರರ ಸಂಘವೋ ಹೊತ್ತುಕೊಂಡರೆ, ಅದು ಅವನೊಬ್ಬನಿಗೆ ಮಾಡಿದ ಸಹಾಯವಲ್ಲ. ಬದುವಿನ ಆಚೆ ಮೊನ್ನೆ ತಾನೇ ಸಸಿ ನೆಟ್ಟು, ಮಲ್ಚಿಂಗ್ ಶೀಟಿನ ಪಕ್ಕ ಕುಕ್ಕುರುಗಾಲಲ್ಲಿ ಕೂತು ಮೊದಲ ಎಲೆಗಳನ್ನು ತಿರುವಿ ನೋಡುತ್ತಿರುವ ನೆರೆಯವನ ಬೆಳೆಗೂ ಅದೇ ಮೊದಲ ಕಾವಲು.